ಉದ್ದಣ್ಣ ವಯಸ್ಸು ಕೇಳಿದ ದಿನ

ಉದ್ದಣ್ಣನಿಗೆ ಮುಖ ನೋಡಿ ವಯಸ್ಸು ಹೇಳಲು ಬರುತ್ತಿರಲಿಲ್ಲ. ಇದೇನು ದೊಡ್ಡ ದೋಷವಲ್ಲ. ದರ್ಜಿಗೋ ಬಡಗಿಗೋ ಇದ್ದಿದ್ದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಆದರೆ ಅವನು ಬಾರ್‌ನಲ್ಲಿ ಸಪ್ಲೈಯರ್. ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರದ ಆಳಾದ್ದರಿಂದ ಅವನಿಗೆ ಗಿರಾಕಿಗಳ ನೆತ್ತಿಯೇ ಮೊದಲು ಕಾಣುತ್ತಿತ್ತು. ನೆತ್ತಿ ಬೋಳಾಗಿದ್ದರೆ ಹಿರಿಯರು, ಕೂದಲಿದ್ದರೆ ದೇವರೇ ಗತಿ.

ಹೋದ ತಿಂಗಳು ಗಡ್ಡ ಬಿಟ್ಟವನೊಬ್ಬನಿಗೆ ಅವನು ಬಿಯರ್ ಕೊಟ್ಟಿದ್ದ. ಗಡ್ಡವೇನೋ ದೊಡ್ಡವರದ್ದೇ, ಗಡ್ಡದ ಹಿಂದಿದ್ದವನು ಮಾತ್ರ ಇನ್ನೂ ಶಾಲೆಗೆ ಹೋಗುವ ಹುಡುಗ. ಕುಡಿದು ಬೈಕ್ ಹತ್ತಿದವನು ಸೇತುವೆಯ ಗೋಡೆಗೆ ಗುದ್ದಿದ. ಉಳಿಯಲಿಲ್ಲ. ಹುಡುಗನ ತಾಯಿ ಬಾರ್‌ಗೆ ಬಂದು, ಕೊಟ್ಟವರು ಯಾರು ಎಂದು ಕೇಳಿದಾಗ ಎಲ್ಲರೂ ಉದ್ದಣ್ಣನ ಕಡೆ ನೋಡಿದರು. ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವನನ್ನು ಸ್ವಲ್ಪ ಹೊತ್ತು ನೋಡಿ ಹೊರಟುಹೋದಳು. ಅಂದಿನಿಂದ ಉದ್ದಣ್ಣನಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇನ್ನೊಬ್ಬ ಹುಡುಗ ಹೀಗೆ ಹೋಗಬಾರದು ಎಂಬುದೊಂದೇ ಅವನ ತಲೆಯಲ್ಲಿ ಕೊರೆಯುತ್ತಿತ್ತು.

ಮಾಲೀಕರ ತಲೆಯಲ್ಲಿ ಲೈಸೆನ್ಸ್ ಕೊರೆಯುತ್ತಿತ್ತು. ಬೆಳಿಗ್ಗೆ ಬಾಗಿಲು ತೆಗೆಯುತ್ತಿದ್ದ ಹಾಗೇ ಅವನನ್ನು ಕರೆದರು.

"ನೋಡಯ್ಯ, ಇವತ್ತು ಅಬಕಾರಿ ಇನ್‌ಸ್ಪೆಕ್ಟರ್ ಬರ್ತಾರೆ. ಹಾಲ್‌ನಲ್ಲಿ ಒಬ್ಬನೇ ಒಬ್ಬ ಹುಡುಗ ಕೂತಿರೋದು ಕಂಡ್ರೂ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ."

"ಹುಡುಗ ಅಂತ ಹೇಗೆ ಗೊತ್ತು ಮಾಡ್ಲಿ ಸ್ವಾಮಿ?"

"ಅದನ್ನೂ ನಾನೇ ಹೇಳಿಕೊಡಬೇಕಾ? ಸಂಬಳ ನಿನಗೆ ತಾನೇ ಕೊಡ್ತಿರೋದು."

ಹೇಳಿಕೊಡುವವರಿಗೇನೂ ಬರವಿರಲಿಲ್ಲ. ಕ್ಯಾಷಿಯರ್ ಕನ್ನಡಕ ಒರೆಸಿಕೊಳ್ಳುತ್ತಾ, "ಕೈ ನೋಡಪ್ಪ. ಹುಡುಗರು ಗಡಿಯಾರ ಕಟ್ಟಲ್ಲ," ಎಂದ. ಅಡುಗೆಯವನು ಒಳಗಿನಿಂದಲೇ ಅದನ್ನು ತಳ್ಳಿಹಾಕಿದ. "ಗಡಿಯಾರ ನಾನೂ ಕಟ್ಟಲ್ಲ, ನಾನೇನು ತೊಟ್ಟಿಲಲ್ಲಿದೀನಾ? ಆರ್ಡರ್ ಮಾಡೋದು ಕೇಳಿಸ್ಕೋ. ದೊಡ್ಡವರು ಪಕ್ಕದ ಟೇಬಲ್‌ನಲ್ಲಿ ಹೆಂಡ್ತಿ ಕೂತಿದಾಳೇನೋ ಅನ್ನೋ ಹಾಗೆ ಮೆಲ್ಲಗೆ ಹೇಳ್ತಾರೆ. ಹುಡುಗರು ಬೀದಿಗೆಲ್ಲ ಕೇಳೋ ಹಾಗೆ ಕೂಗ್ತಾರೆ."

ಉದ್ದಣ್ಣ ಯಾರ ಮಾತನ್ನೂ ನಂಬಲಿಲ್ಲ. ಬಂದವರನ್ನೆಲ್ಲ ಗುರುತಿನ ಚೀಟಿ ಕೇಳುವುದೆಂದು ನಿರ್ಧರಿಸಿಬಿಟ್ಟ.

ಮೊದಲು ಸಿಕ್ಕಿಬಿದ್ದವರು ಒಬ್ಬ ಗಿಡ್ಡ ಮೇಷ್ಟ್ರು. ಗಡ್ಡ ನುಣ್ಣಗೆ ಬೋಳಿಸಿಕೊಂಡು, ತಲೆಗೆ ಬಣ್ಣ ಹಚ್ಚಿಕೊಂಡು, ಇಬ್ಬರು ಗೆಳೆಯರೊಂದಿಗೆ ಬಂದಿದ್ದರು. ಚೀಟಿ ಕೇಳಿದಾಗ ಅವರ ಮುಖ ಅರಳಿತು. "ಕೇಳಿದ್ರೇನ್ರೋ?" ಎಂದು ಗೆಳೆಯರ ಕಡೆ ತಿರುಗಿದರು. ಗೆಳೆಯರು, "ಇವನ ಮಗಳಿಗೆ ಗಂಡು ನೋಡ್ತಿದಾರೆ ಕಣಯ್ಯ, ಇವನಿಗೆ ಹಾಲು ಕೊಡು," ಎಂದು ಟೇಬಲ್ ಕುಟ್ಟಿ ನಕ್ಕರು. ನಗು ನಿಲ್ಲದೇ ಹೋದಾಗ ಮೇಷ್ಟ್ರ ಅರಳಿದ ಮುಖ ಕೆಂಪಾಯಿತು. ತಮ್ಮನ್ನು ಬೇಕೆಂದೇ ಅವಮಾನ ಮಾಡಿದನೆಂದು ಮಾಲೀಕರಿಗೆ ದೂರು ಕೊಟ್ಟು ಮೂವರೂ ಎದ್ದುಹೋದರು.

ಆಮೇಲೆ ಮೂವರು ಹುಡುಗರು ಬಂದರು. ಒಬ್ಬ ಚೀಟಿ ತೋರಿಸಿದ. ಎರಡನೆಯವನು ಟೇಬಲ್ ಕೆಳಗೆ ಕೈ ಹಾಕಿ ಸ್ವಲ್ಪ ತಡಕಾಡಿ ತೋರಿಸಿದ. ಮೂರನೆಯವನು ತೋರಿಸುವ ಹೊತ್ತಿಗೆ ಉದ್ದಣ್ಣನಿಗೆ ಆ ಫೋಟೋದ ಮೀಸೆ ಬಾಯಿಪಾಠವಾಗಿತ್ತು.

"ಮೂರು ಜನಕ್ಕೂ ಒಂದೇ ಮುಖಾನಾ?"

"ತ್ರಿವಳಿ ಅಂಕಲ್," ಎಂದ ಮೂರನೆಯವನು. ಮೊದಲನೆಯವನು ಕಪ್ಪಗೆ ದಪ್ಪಗಿದ್ದ, ಎರಡನೆಯವನು ಕಡ್ಡಿಯ ಹಾಗಿದ್ದ. ಉದ್ದಣ್ಣ ತ್ರಿವಳಿಗಳನ್ನು ಹೊರಗೆ ಕಳಿಸಿ ಬಂದ.

ಅವರ ಹಿಂದೆಯೇ ದಪ್ಪ ಕನ್ನಡಕದ ಹುಡುಗನೊಬ್ಬ ಹೊಸ ಬೈಕ್ ನಿಲ್ಲಿಸಿ ಬಂದ. ಚೀಟಿ ಮನೆಯಲ್ಲಿ ಮರೆತೆ ಎಂದ. ಮನೆಗೆ ಹೋಗಿ ತಾ ಎಂದರೆ ಮನೆ ಬೀಗ ಹಾಕಿದೆ ಎಂದ. ಉದ್ದಣ್ಣ ಬಾಗಿಲಾಚೆ ನಿಂತ ಬೈಕ್ ನೋಡಿದ. "ಬೇಡ ಕಣಪ್ಪ, ಹೋಗು," ಎಂದು ಭುಜ ಹಿಡಿದು ಬೇಡಿಕೊಂಡ. ಹುಡುಗ ಕೈ ಕೊಸರಿಕೊಂಡು ಹೋದ.

ಮಧ್ಯಾಹ್ನ ಒಬ್ಬ ಅಪ್ಪ ಮಗನನ್ನೇ ಕರೆದುಕೊಂಡು ಬಂದ. "ನನ್ನ ಮಗ, ನನ್ನ ದುಡ್ಡು, ನಾನು ಕುಡಿಸ್ತೀನಿ. ನಿನಗೇನು ಹೊಟ್ಟೆಉರಿ?" ಎಂದು ಎಗರಾಡಿದ. ಉದ್ದಣ್ಣ ಅಪ್ಪನಿಗೆ ವಿಸ್ಕಿ, ಮಗನಿಗೆ ಸೋಡಾ ತಂದಿಟ್ಟು, ಗ್ಲಾಸ್ ಅದಲುಬದಲಾಗದ ಹಾಗೆ ಟೇಬಲ್ ಪಕ್ಕದಲ್ಲೇ ಕಂಬದ ಹಾಗೆ ನಿಂತ. ಉಳಿದ ಗಿರಾಕಿಗಳು ಕರೆದು ಕರೆದು ಸಾಕಾಗಿ ಎದ್ದುಹೋದರು. ಕೊನೆಗೆ ಅಪ್ಪ ಮಗನೂ ಹೊರಟರು. ಸಂಜೆಯಾಗುವ ಹೊತ್ತಿಗೆ ಹಾಲ್‌ನಲ್ಲಿ ಫ್ಯಾನ್ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಇನ್‌ಸ್ಪೆಕ್ಟರ್ ಬಂದದ್ದು ಆಗಲೇ. ಟೇಬಲ್ ಸಂದಿಯಲ್ಲೆಲ್ಲ ಬಗ್ಗಿ ನೋಡಿದರು. "ಇಂಥ ಬಾರ್ ನಾನು ನೋಡೇ ಇಲ್ಲ. ಬಾಗಿಲಲ್ಲಿ ಯಾರಿರೋದು?" ಎಂದರು. ಮಾಲೀಕರು ಉದ್ದಣ್ಣನನ್ನು ಮುಂದಕ್ಕೆ ತಳ್ಳಿದರು. ಇನ್‌ಸ್ಪೆಕ್ಟರ್ ಅವನ ಕೈ ಕುಲುಕಿ, "ನಿನ್ನಂಥೋನು ಬಾರ್‌ಗೊಬ್ಬ ಇದ್ರೆ ನಮ್ಮ ಕೆಲಸ ಅರ್ಧ ಕಮ್ಮಿ ಆಗುತ್ತಪ್ಪ," ಎಂದು ಹೇಳಿ ಮಾಲೀಕರ ಜೊತೆ ಚಹಾ ಕುಡಿಯಲು ಒಳಗೆ ಹೋದರು. ಉದ್ದಣ್ಣನಿಗೆ ತಿಂಗಳ ಮೇಲೆ ಮೊದಲ ಸಲ ಹಸಿವಾಯಿತು.

ಅದೇ ಖುಷಿಯಲ್ಲಿ ಖಾಲಿ ಬಾಟಲಿಗಳ ಕ್ರೇಟ್ ಎತ್ತಿಕೊಂಡು ಹಿಂದಿನ ಓಣಿಗೆ ಹೋದ. ಆ ಕೆಲಸ ಅವನದ್ದಲ್ಲ, ಅವನು ಆ ಕಡೆ ಹೋಗುತ್ತಲೂ ಇರಲಿಲ್ಲ. ಓಣಿಯ ಗೋಡೆಯಲ್ಲಿ ಒಂದು ಪಾರ್ಸೆಲ್ ಕಿಟಕಿ ಇತ್ತು. ಅದರ ಹಿಂದೆ ಕೂರುವವನು ಮಾಲೀಕರ ಭಾಮೈದ. ಕಿಟಕಿಯ ತೂತು ಒಂದು ಕೈ ಹಿಡಿಸುವಷ್ಟೇ ದೊಡ್ಡದು. ಹೊರಗಿನಿಂದ ಒಂದು ಕೈ ದುಡ್ಡು ಹಿಡಿದು ಒಳಗೆ ಹೋಗುತ್ತಿತ್ತು, ಬಾಟಲಿ ಹಿಡಿದು ಹೊರಗೆ ಬರುತ್ತಿತ್ತು. ಒಳಗಿದ್ದವನಿಗೆ ಮುಖ ಕಾಣುತ್ತಲೇ ಇರಲಿಲ್ಲ, ಹಾಗಾಗಿ ವಯಸ್ಸಿನ ತಂಟೆಯೇ ಇರಲಿಲ್ಲ.

ಅವನು ಬೆಳಿಗ್ಗೆಯಿಂದ ಅಟ್ಟಿದ ಹುಡುಗರೆಲ್ಲ ಅಲ್ಲಿದ್ದರು. ತ್ರಿವಳಿಗಳು ಕ್ರೇಟ್ ಬೋರಲು ಹಾಕಿಕೊಂಡು ಕೂತಿದ್ದರು. ಕನ್ನಡಕದ ಹುಡುಗ ಬೈಕ್ ಮೇಲೆಯೇ ಕೂತು ಅರ್ಧ ಬಾಟಲಿ ಮುಗಿಸಿ, ಕೀ ತಿರುಗಿಸಲು ತಡಕಾಡುತ್ತಿದ್ದ.

ಉದ್ದಣ್ಣನಿಗೆ ಏನಾಯಿತೋ. ಕ್ರೇಟ್ ಬಿಸಾಕಿ ಹಾರಿ ಕೀ ಕಿತ್ತು ಜೇಬಿಗೆ ಹಾಕಿಕೊಂಡ. ಕೈಗೆ ಸಿಕ್ಕ ಬಾಟಲಿಗಳನ್ನೆಲ್ಲ ಕಸಿದು ಕಂಕುಳಿಗೆ, ಎದೆಗೆ ಅವುಚಿಕೊಂಡ. ಹುಡುಗರು ಅರಚಿದರು. ಕಿಟಕಿ ಪಟಾರನೆ ಮುಚ್ಚಿತು. ಗಲಾಟೆ ಕೇಳಿ ಹಿಂದಿನ ಬಾಗಿಲಿನಿಂದ ಇನ್‌ಸ್ಪೆಕ್ಟರ್, ಮಾಲೀಕರು, ಕ್ಯಾಷಿಯರ್ ಎಲ್ಲ ಓಡಿ ಬಂದರು.

"ಇದೇನಯ್ಯ?" ಎಂದರು ಇನ್‌ಸ್ಪೆಕ್ಟರ್.

"ಈ ಅಂಕಲ್ಲೇ ಸರ್ ನಮಗೆ ಕೊಟ್ಟಿದ್ದು," ಎಂದರು ತ್ರಿವಳಿಗಳು, ಆ ಒಂದು ವಿಷಯದಲ್ಲಿ ನಿಜಕ್ಕೂ ತ್ರಿವಳಿಗಳಂತೆ.

"ಅದಕ್ಕೇ ಒಳಗೆ ಯಾರನ್ನೂ ಕೂರಿಸಲಿಲ್ವಾ," ಎಂದ ಕ್ಯಾಷಿಯರ್, ತುಂಬ ಹೊತ್ತಿನ ಲೆಕ್ಕ ತಾಳೆಯಾದವನ ಹಾಗೆ. "ಅಲ್ಲಿ ಓಡಿಸೋದು, ಇಲ್ಲಿ ಮಾರೋದು."

"ಕಿಟಕಿ ಸರ್, ಆ ಕಿಟಕಿ," ಎಂದು ಉದ್ದಣ್ಣ ಗೋಡೆ ಕಡೆ ಗದ್ದ ಎತ್ತಿ ತೋರಿಸಿದ.

"ಅದು ಹಳೇ ಗೋಡೌನ್ ಸರ್. ತೆಗೆಯೋದೇ ಇಲ್ಲ," ಎಂದರು ಮಾಲೀಕರು.

ಇನ್‌ಸ್ಪೆಕ್ಟರ್‌ಗೆ ಇದ್ಯಾವುದೂ ಕೇಳಿಸುತ್ತಿರಲಿಲ್ಲ. ಅವರು ಬೈಕ್ ಮೇಲಿದ್ದವನನ್ನು ನೋಡುತ್ತಿದ್ದರು. ಕನ್ನಡಕದ ಹುಡುಗ ತಲೆ ತಗ್ಗಿಸಿ, ತೊದಲುತ್ತಾ, "ಅಪ್ಪಾ," ಎಂದ.

ಲೋಕ ಕಂಡ ಮಾಲೀಕರೇ ಮೊದಲು ಚೇತರಿಸಿಕೊಂಡರು. "ಇಲ್ಲಿ ಹುಡುಗರು ಯಾರೂ ಇರಲೇ ಇಲ್ಲ ಸರ್. ಇವನು ನಮ್ಮ ಬಾಟಲಿ ಕದ್ದು ಹಿಂದಿನ ಬಾಗಿಲಿಂದ ಸಾಗಿಸ್ತಿದ್ದ. ಅಷ್ಟೇ ನಡೆದಿದ್ದು."

ಇನ್‌ಸ್ಪೆಕ್ಟರ್ ಬೆವರು ಒರೆಸಿಕೊಂಡರು. "ಹುಡುಗರು ಯಾರೂ ಇರ್ಲಿಲ್ಲ," ಎಂದು ಮೆಲ್ಲಗೆ ಹೇಳಿ, ಜೀಪ್‌ನಲ್ಲಿದ್ದ ಪೇದೆಯನ್ನು ಕರೆದು, ಕಳವಿನ ಕೇಸು, ಬರೆದು ಪೊಲೀಸ್ ಸ್ಟೇಷನ್‌ಗೆ ಒಪ್ಪಿಸೋದು ಎಂದರು. ತ್ರಿವಳಿಗಳು ಆಗಲೇ ಓಣಿ ದಾಟಿದ್ದರು.

"ಅಪ್ಪಾ, ನನ್ನ ಗಾಡಿ ಕೀ ಅವರ ಜೇಬಲ್ಲಿದೆ," ಎಂದ ಮಗ.

ಪೇದೆ ಕೀ ತೆಗೆದು ಇನ್‌ಸ್ಪೆಕ್ಟರ್ ಕೈಗಿಟ್ಟ. ಅವರು ಅದನ್ನು ಹಿಡಿದು ನಿಂತರು. ಕೊಡದಿರಲು ಕಾರಣ ಬೇಕಲ್ಲ. ಮಗ ಕುಡಿದಿದ್ದಾನೆ ಎಂದರೆ ಇಲ್ಲಿ ಹುಡುಗರು ಇದ್ದರು ಎಂದಾಗುತ್ತದೆ. ಮಾಲೀಕರು ಅವರನ್ನೇ ನೋಡುತ್ತಿದ್ದರು. ಮಗ ಕೈ ಚಾಚಿ, ಆಯ ತಪ್ಪಿ, ಹ್ಯಾಂಡಲ್ ಹಿಡಿದುಕೊಂಡ.

ಉದ್ದಣ್ಣ ಒಂದು ಹೆಜ್ಜೆ ಮುಂದೆ ಬಂದ. "ಸರ್, ಕೀ ಕೂಡ ನಾನೇ ಕದ್ದಿದ್ದು ಅಂತ ಬರೀರಿ," ಎಂದ. "ಕಳವಿನ ಮಾಲು ಸ್ಟೇಷನ್ನಲ್ಲೇ ಇರ್ಬೇಕಲ್ವಾ ಸರ್. ಈಗ್ಲೇ ವಾಪಸ್ ಕೊಡೋ ಹಾಗಿಲ್ವಲ್ಲ."

ಇನ್‌ಸ್ಪೆಕ್ಟರ್ ಅವನ ಮುಖ ನೋಡಿದರು. "ಹೌದು, ಕೊಡೋ ಹಾಗಿಲ್ಲ," ಎಂದರು. ಆಮೇಲೆ ಪೇದೆಗೆ, "ಬರ್ಕೊಳ್ಳಿ. ಬಾಟಲಿ ಮತ್ತು ಕೀ. ಎರಡು ಕಳವು," ಎಂದರು.

ಮಾಲೀಕರು ಅಲ್ಲೇ ಅವನನ್ನು ಕೆಲಸದಿಂದ ತೆಗೆದರು. ಉದ್ದಣ್ಣ ಬೆನ್ನು ಬಗ್ಗಿಸಿ ಜೀಪ್ ಹತ್ತಿ, ತಲೆ ಮೇಲಕ್ಕೆ ತಾಗದ ಹಾಗೆ ಮುದುಡಿ ಕೂತ. ಹಿಂದಿನ ಕಿಂಡಿಯಲ್ಲಿ ಕನ್ನಡಕದ ಹುಡುಗ ಕಾಣುತ್ತಿದ್ದ. ಬೈಕ್ ತಳ್ಳಿಕೊಂಡು, ಎಡವಿಕೊಂಡು, ಉದ್ದಣ್ಣನ ವಂಶವನ್ನೆಲ್ಲ ಬೈಯುತ್ತಾ ನಡೆದು ಹೋಗುತ್ತಿದ್ದ. ಮನೆ ಸ್ವಲ್ಪ ದೂರವೇ ಇರಲಿ, ತಳ್ಳುತ್ತಾ ತಳ್ಳುತ್ತಾ ಅಮಲು ಇಳಿಯುತ್ತದೆ ಎಂದುಕೊಂಡು ಉದ್ದಣ್ಣ ಅವನು ಮರೆಯಾಗುವವರೆಗೂ ನೋಡುತ್ತಾ ಕೂತ.