ಜೇಬಿನಲ್ಲೇ ಉಳಿದ ಕಾರ್ಡು

ಗಂಗಾಧರಸ್ವಾಮಿ ಆ ಕಾರ್ಡನ್ನು ಓದಿ ಜೇಬಿಗಿಳಿಸಿದ್ದೇ ತಪ್ಪಾಯಿತು. 'ವಿದ್ಯಾ ಇಲಾಖೆಯ ದೊರೆಗಳು ನರಸೀಪುರದ ಬಂಗಲೆಯಲ್ಲಿ ಮೊಕ್ಕಾಂ ಮಾಡಿದ್ದಾರೆ. ನೀವೂ ಶಿವಸ್ವಾಮಿಯವರೂ ಶನಿವಾರ ಬಂದು ಕಾಣತಕ್ಕದ್ದು. ಅವರಿಗೆ ನೀವೇ ತಿಳಿಸಿ' ಎಂದು ಪ್ರಿನ್ಸಿಪಾಲರು ಬರೆದಿದ್ದರು.

ಇಬ್ಬರೂ ಮೈಸೂರಿನ ಕಾಲೇಜಿನಲ್ಲಿ ತರ್ಕಶಾಸ್ತ್ರದ ಟ್ಯೂಟರುಗಳು. ಪ್ರೊಫೆಸರರ ಕುರ್ಚಿ ಖಾಲಿಯಾಗಿತ್ತು. ಹನ್ನೊಂದು ವರ್ಷದಿಂದ ಗಂಗಾಧರಸ್ವಾಮಿ ಅದನ್ನು ಹಸಿದವನು ಬಾಳೆಲೆ ನೋಡಿದಂತೆ ನೋಡುತ್ತಿದ್ದ. ರಜೆಗೆ ತಾನು ನಂಜನಗೂಡಿನಲ್ಲಿ, ಶಿವಸ್ವಾಮಿ ಸೋಮನಾಥಪುರದಲ್ಲಿ. ಆಳು ಕಳಿಸಲು ಎರಡು ದಿನ ಸಮಯವಿತ್ತು. ಅವನು ಕಳಿಸಲಿಲ್ಲ.

ಶನಿವಾರ ನಸುಕಿನಲ್ಲೇ ಬಾಡಿಗೆ ಬಂಡಿ ಹತ್ತಿದ. ಪಕ್ಕದ ಮನೆಯ ಪುಟ್ಟಬಸವಯ್ಯ ಓಡಿಬಂದ.

"ಬಂಡಿ ಖಾಲಿ ಹೋಗ್ತದಲ್ಲ ಮೇಷ್ಟ್ರೇ. ನರಸೀಪುರದಲ್ಲಿರೋ ಮಗಳಿಗೆ ಒಂದು ಒರಳುಕಲ್ಲು ಕಳಿಸ್ಬೇಕಿತ್ತು."

ಬೇಡ ಎನ್ನುವಷ್ಟರಲ್ಲಿ ನಾಲ್ಕು ಜನ ಕಲ್ಲನ್ನೆತ್ತಿ ಅವನ ಪಕ್ಕದಲ್ಲಿ ಹೊಸ ಅಳಿಯನಂತೆ ಕೂರಿಸಿಯೂ ಆಗಿತ್ತು. ಅರ್ಧ ದಾರಿಯಲ್ಲಿ ಅಚ್ಚು ಮುರಿಯಿತು.

ಬಿಸಿಲಲ್ಲಿ ನಿಂತಿದ್ದವನನ್ನು ಹಿಂದಿನಿಂದ ಬಂದ ಬಂಡಿಯ ಮುದುಕರು ಹತ್ತಿಸಿಕೊಂಡರು. ಬಾಯಾರಿದವನಿಗೆ ಮಜ್ಜಿಗೆ ಕೊಟ್ಟು, "ಯಾವ್ ಕೆಲ್ಸ ಸ್ವಾಮಿ?" ಎಂದರು. ಅವನು ಕಾಲೇಜು, ಹೆಸರು ಹೇಳಿದ. ಮುದುಕರ ಮುಖ ಅರಳಿತು.

"ನಾನು ಸಿದ್ದಮಲ್ಲಪ್ಪ ಕಣ್ರೀ, ಸಿವಸ್ವಾಮಿ ಅಪ್ಪ. ಗಂಗಾಧರಸ್ವಾಮಿಗಳು ನಂಗೆ ಅಣ್ಣನಿದ್ದಂಗೆ ಅಂತ ಯಾವಾಗ್ಲೂ ಏಳ್ತಾನೆ."

ಅವನು ಮಜ್ಜಿಗೆಯ ಚೆಂಬನ್ನು ಕೆಳಗಿಟ್ಟ. ಇಳಿದುಬಿಡೋಣ ಎನ್ನಿಸಿತು, ಆದರೆ ಗಂಟೆ ಹನ್ನೊಂದಾಗಿತ್ತು.

ಬಂಗಲೆಯಲ್ಲಿ ದೊರೆ ಮೊದಲು ಕೇಳಿದ್ದೇ, "ಇನ್ನೊಬ್ಬರೆಲ್ಲಿ?"

"ಶಿವಸ್ವಾಮಿಯವರಿಗೆ ವಿಪರೀತ ಜ್ವರ, ಹಾಸಿಗೆ ಬಿಟ್ಟು ಎದ್ದಿಲ್ಲ" ಎಂದು ಅವನು ಇಂಗ್ಲಿಷಿನಲ್ಲಿ ಹೇಳಿದ. ನಾಲಿಗೆ ತಾನಾಗಿಯೇ ಹೊರಳಿತು.

ದೊರೆ ಮರುಗಿದರು. "ನಿಮ್ಮಲ್ಲೊಬ್ಬರು ಈ ಊರಿನ ಮಿಡ್ಲ್‌ಸ್ಕೂಲಿಗೆ ಹೆಡ್‌ಮಾಸ್ತರಾಗಿ ಬರಬೇಕು, ಇನ್ನೊಬ್ಬರು ಮೈಸೂರಿನಲ್ಲಿ ಪ್ರೊಫೆಸರ್. ನೀವೇ ಮಾತಾಡಿಕೊಳ್ಳಲಿ ಎಂದು ಕರೆಸಿದ್ದೆ. ಕಾಯಿಲೆಯವರನ್ನು ದೊಡ್ಡ ಆಸ್ಪತ್ರೆಯ ಊರಿನಿಂದ ಎಬ್ಬಿಸುವುದು ಸರಿಯಲ್ಲ. ನೀವು ಗಟ್ಟಿಮುಟ್ಟಾಗಿದ್ದೀರಿ. ಸೋಮವಾರವೇ ಸ್ಕೂಲಿನ ಚಾರ್ಜು ತೆಗೆದುಕೊಳ್ಳಿ."

ಹೊರಗೆ ಬಂದರೆ, ಕಾಯುತ್ತೇನೆಂದಿದ್ದ ಮುದುಕರ ಬಂಡಿ ಇರಲಿಲ್ಲ. ಬಾಗಿಲಲ್ಲಿದ್ದ ಜವಾನನಿಗೆ ಬರುತ್ತಿದ್ದ ನಾಲ್ಕು ಇಂಗ್ಲಿಷ್ ಮಾತಿನಲ್ಲಿ 'ಫೀವರ್' ಒಂದು; ಶಿವಸ್ವಾಮಿಯ ಹೆಸರಿನ ಜೊತೆಗೇ ಅದು ಕಿವಿಗೆ ಬಿದ್ದಿತ್ತು. ಮಗನಿಗೆ ಜ್ವರವೆಂದು ಅವನು ಹೇಳಿದ್ದೇ ತಡ, ಮೂರು ದಿನದ ಹಿಂದೆ ಮನೆ ಬಿಟ್ಟಿದ್ದ ಮುದುಕರು ಅಳುತ್ತಾ ಎತ್ತುಗಳನ್ನು ಬಡಿದು ಓಡಿಸಿದ್ದರಂತೆ. ಗಂಗಾಧರಸ್ವಾಮಿ ಬಂಗಲೆಯ ಜಗಲಿಯ ಮೇಲೆ ಕುಸಿದು ಕುಳಿತ. ಆ ಅಳುವನ್ನು ತಾನು ನೋಡಲಿಲ್ಲವೆಂಬುದೊಂದೇ ಸಮಾಧಾನ.

ಸಂಜೆ ಅದೇ ಬಂಡಿ ಹಿಂತಿರುಗಿತು. ಶಿವಸ್ವಾಮಿ ನಗುತ್ತಾ ಇಳಿದ, ಹಿಂದೆಯೇ ಅವನ ಅಪ್ಪ.

"ಆ ಜವಾನ ಯಾರದೋ ಜ್ವರ ತಂದು ನನ್ನ ತಲೆಗೆ ಕಟ್ಟಿದ್ದಾನೆ. ನಿಮ್ಮನ್ನ ಹೀಗೆ ನಡುದಾರೀಲಿ ಬಿಟ್ಟುಬಂದ್ರಲ್ಲ ಅಂತ ಅಪ್ಪನ್ನ ಬೈದೆ. ದೊರೆಗಳು ಏನಂದ್ರು?"

ಗಂಗಾಧರಸ್ವಾಮಿ ಮೆಲ್ಲನೆ ಸ್ಕೂಲಿನ ಸಂಗತಿ ಹೇಳಿದ. ಶಿವಸ್ವಾಮಿಯ ನಗು ನಿಂತಿತು.

"ಅಯ್ಯೋ, ಎರಡು ವರ್ಷದಿಂದ ನಾನು ಈ ಸ್ಕೂಲಿಗೇ ಅರ್ಜಿ ಹಾಕ್ತಿದ್ದೀನಿ. ಅವ್ವನಿಗೆ ಕಣ್ಣು ಕಾಣಲ್ಲ, ಮನೆ ಹತ್ತಿರ ಇರೋಣ ಅಂತ. ನಡೀರಿ, ಈಗಲೇ ಹೋಗಿ ಹೇಳೋಣ. ನೀವು ಪ್ರೊಫೆಸರಾಗಿ."

ಅವನು ಆಗಲೇ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಿದ್ದ. ಹಾಸಿಗೆ ಹಿಡಿದ ಮನುಷ್ಯ ಕಲ್ಲುಗುಂಡಿನಂತೆ ದೊರೆಯ ಮುಂದೆ ಹೋಗಿ ನಿಂತರೆ! ಗಂಗಾಧರಸ್ವಾಮಿ ಅವನ ತೋಳು ಹಿಡಿದ.

"ಬೇಡಪ್ಪ. ನಾನೇ ಒಪ್ಪಿಕೊಂಡಿದ್ದೀನಿ. ಆ ಕುರ್ಚಿ ನಿನಗೇ ಇರಲಿ."

ಶಿವಸ್ವಾಮಿಯ ಕಣ್ಣು ತುಂಬಿತು. "ನೋಡಪ್ಪ, ನನಗೋಸ್ಕರ ಎಂಥಾ ಕೆಲಸ ಬಿಟ್ಟುಕೊಟ್ರು ಇವರು."

ಸಿದ್ದಮಲ್ಲಪ್ಪ ಪೇಟ ತೆಗೆದು ಅವನ ಕಾಲಿಗೆ ಬಗ್ಗಿದರು. ಗಂಗಾಧರಸ್ವಾಮಿ ಹಿಂದೆ ಸರಿಯಲು ನೋಡಿದ. ಬೆನ್ನಿಗೆ ಬಂಗಲೆಯ ಗೋಡೆ ಅಡ್ಡವಾಗಿತ್ತು.