ಸಾರು ಉಕ್ಕಿದ ಕಿರುಪ್ರಬಂಧ

ಬಾಷಾನ ಕಿರುಪ್ರಬಂಧದಲ್ಲಿ ನೂರಕ್ಕೆ ಎಂಬತ್ತೊಂದು ಪಾಲು ಕದ್ದದ್ದು ಎಂದು ಕಾಲೇಜಿನ ಕಂಪ್ಯೂಟರು ಬೆಳಿಗ್ಗೆ ಹತ್ತಕ್ಕೆ ಹೇಳಿಬಿಟ್ಟಿತು. ಸುಳ್ಳೇನೂ ಹೇಳಿರಲಿಲ್ಲ. ಬಿ.ಎ. ಕೊನೆಯ ವರ್ಷದವರಿಗೆಲ್ಲ ಒಂದೇ ವಿಷಯ, ‘ಬೀಸುವ ಪದಗಳಲ್ಲಿ ರಸ.’ ನಲವತ್ತು ಪುಟದಲ್ಲಿ ಬಾಷಾನ ಸ್ವಂತದ್ದೆಂದರೆ ಮೊದಲ ಪುಟದ ಹೆಸರು ಮತ್ತು ಕೊನೆಯ ಪುಟದ ಕೃತಜ್ಞತೆ. ನಡುವಿನದೆಲ್ಲ ಹಿಂದಿನ ವರ್ಷ ಯಾರೋ ಬರೆದದ್ದು. ಆ ಯಾರೋ ಎಲ್ಲಿಂದ ಎತ್ತಿದ್ದನೋ ದೇವರಿಗೇ ಗೊತ್ತು.

ಕನ್ನಡ ವಿಭಾಗದ ಅಜ್ಜಪ್ಪ ಸರ್ ಕಡ್ಡಿ ಮುರಿದಂತೆ ಹೇಳಿದರು. “ಸಂಜಿ ನಾಕಕ್ಕ ಹೊಸಾದು ಬರದು ತಂದು ಕೊಡು. ಇಲ್ಲಂದ್ರ ಪರೀಕ್ಷಾಕ್ಕ ಕುಂದ್ರಂಗಿಲ್ಲ.”

ಬಾಷಾ ಹೋದ ವರ್ಷವೂ ಹೀಗೇ ಅದೇ ವರ್ಗದಲ್ಲಿ ಉಳಿದಿದ್ದ. ಈ ಸಲವೂ ಉಳಿದರೆ ಓದು ಸಾಕು, ನರಗುಂದದ ಮಾವನ ಗ್ಯಾರೇಜಿಗೆ ನಡಿ ಎಂದು ಅಪ್ಪ ಮುರ್ತುಜಾಸಾಬ ಖಡಕ್ಕಾಗಿ ಹೇಳಿದ್ದ. ಆ ಮಾವನೋ, ನಟ್ಟು ತಿರುಗಿಸುವ ಪಾನಾ ಎಸೆದೇ ಕೆಲಸ ಕಲಿಸುವ ಮನುಷ್ಯ.

ಬಾಷಾ ನೇರವಾಗಿ ಗಜೇಂದ್ರಗಡದ ಬಸ್‌ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಗೆ ಓಡಿದ. ಅಂಗಡಿಯ ಉಡಚಪ್ಪ ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನು. ಆದರೆ ತಾಲೂಕಿನ ಅರ್ಧ ಪದವೀಧರರು ಅವನ ಕಂಪ್ಯೂಟರಿನಿಂದಲೇ ಹುಟ್ಟಿದ್ದಾರೆ. ಬಾಷಾನ ನಲವತ್ತು ಪುಟವೂ ಅಲ್ಲಿನವೇ.

“ಉಡಚಪ್ಪಣ್ಣ, ನೀ ಕೊಟ್ಟಿದ್ದು ಸಿಕ್ಕಬಿತ್ತು! ಮುಗೀತು ನನ್ನ ಕತಿ!”

“ಚೀರಬ್ಯಾಡ ಮಾರಾಯ, ಗಿರಾಕಿ ಅದಾರ.” ಉಡಚಪ್ಪ ಕುರ್ಚಿ ಎಳೆದುಕೊಂಡ. “ಆ ಮಷೀನು ಪುಸ್ತಕದ ಭಾಷಾ ಹಿಡೀತೈತಿ. ನಮ್ಮ ಮಾತು ಅದರ ಅಪ್ಪಗೂ ತಿಳಿಯಂಗಿಲ್ಲ. ಒಂದೊಂದ ಮಾತು ಹೇಳು, ಒಂದ ಗುಂಡಿ ಒತ್ತಿದರ ನಲವತ್ತೂ ಪುಟದಾಗ ಬದಲಿ.”

‘ಹೇಗೆ’ ಹೋಗಿ ‘ಹ್ಯಾಂಗ’ ಆಯಿತು. ‘ಮನೆ’ ಹೋಗಿ ‘ಮನಿ’ ಆಯಿತು. ‘ರಸ’ ಬಂದಾಗ ಇಬ್ಬರೂ ನಿಂತರು.

ರೇಷನ್ ಕಾರ್ಡಿನ ಝೆರಾಕ್ಸಿಗೆ ಬಂದು ಕುಳಿತಿದ್ದ ಗಾಳೆವ್ವ ಕುತ್ತಿಗೆ ಉದ್ದ ಮಾಡಿದಳು. “ರಸ ಅಂದ್ರ ಸಾರಲ್ಲೇನೋ? ಇದಕ್ಕ ಬಿ.ಎ. ಓದಬೇಕೇನು?”

“ಬರೋಬ್ಬರಿ!” ಎಂದ ಉಡಚಪ್ಪ, ಗುಂಡಿ ಒತ್ತಿದ.

ಗಾಳೆವ್ವ ಪರದೆಯತ್ತ ಬೆರಳು ಚಾಚಿದಳು. “ಮತ್ತ ಅದೇನದು, ಗಂಡ ಗಂಡ ಅಂತ ಬರದೀರಿ? ಮರ್ಯಾದಿ ಇಲ್ಲೇನು? ‘ಮನಿಯವ’ ಅನ್ನರಿ.”

“ಅಜ್ಜಿ, ನೀ ಸುಮ್ಮನ ಕುಂದರ್ತಿಯೇನು?” ಎಂದು ಬಾಷಾ ಹಲ್ಲು ಕಡಿದ. ಅಷ್ಟರಲ್ಲಿ ಉಡಚಪ್ಪ ಗುಂಡಿ ಒತ್ತಿಯಾಗಿತ್ತು. ಹೀಗೆ ಅರವತ್ತು ಮಾತು ಬದಲಾದವು. ಪ್ರಿಂಟರು ಹೊಟ್ಟೆನೋವು ಬಂದವರಂತೆ ಒಮ್ಮೆ ನರಳಿತು. ಫಕ್ಕನೆ ಕರೆಂಟು ಹೋಯಿತು.

“ಕಂಬದ ಮ್ಯಾಲ ಕೆಲಸ ನಡದೈತಿ. ಇಡೀ ಊರಾಗ ಸಂಜಿತನಕ ಇಲ್ಲ,” ಎಂದಳು ಗಾಳೆವ್ವ, ತಾನೇ ತೆಗೆಸಿದವಳ ಹಾಗೆ.

ಯುಪಿಎಸ್ಸು ಕೀಂಯ್ ಕೀಂಯ್ ಎನ್ನುತ್ತಿರುವಾಗಲೇ ಉಡಚಪ್ಪ ಅದನ್ನೆಲ್ಲ ಪೆನ್‌ಡ್ರೈವಿಗೆ ತುಂಬಿಕೊಟ್ಟ. “ರೋಣಕ್ಕ ಓಡು, ಪ್ರಿಂಟ್ ತಗಸು. ಅಲ್ಲಿ ಕರೆಂಟ್ ಇರತೈತಿ.”

ಬಸ್ಸು ಬೇಗ ಬರಲಿಲ್ಲ. ಬಂದದ್ದು ಹೊರಡಲಿಲ್ಲ. ಡ್ರೈವರು ಚಹಾ ಕುಡಿದ, ಕಂಡಕ್ಟರು ಯಾರದೋ ಮದುವೆಯ ಮಾತು ತೆಗೆದ. ಬಾಷಾ ಕಾದ ಹಂಚಿನ ಮೇಲೆ ನಿಂತವನಂತೆ ಕುಣಿಯುತ್ತಿದ್ದ. ಬಸ್ಸು ಅವನದೇ ಊರಾದ ಸೂಡಿಯಲ್ಲಿ ನಿಂತಾಗ ಅಪ್ಪನ ಕಣ್ಣಿಗೆ ಬೀಳಬಾರದೆಂದು ಸೀಟಿನ ಕೆಳಗೆ ತಲೆ ಹಾಕಿದ. “ಏನ್ ಬಿತ್ತೋ ತಮ್ಮಾ?” ಎಂದು ನಾಲ್ಕು ಮಂದಿ ಅವನ ಜೊತೆ ಬಗ್ಗಿ ಹುಡುಕಿದರು. ಒಬ್ಬಳಿಗೆ ಕಳೆದುಹೋಗಿದ್ದ ಎಲೆಯಡಿಕೆ ಚೀಲ ಸಿಕ್ಕಿತು. ಅವಳು ರೋಣ ಮುಟ್ಟುವವರೆಗೂ ಅವನನ್ನು ಹರಸಿದಳು.

ರೋಣದಲ್ಲಿ ಅಂಗಡಿ ಇಟ್ಟ ಕೌಸರ ಅವನ ದೊಡ್ಡವ್ವನ ಮಗಳು. ಬಾಯಿ ಜೋರು. ಹಾಳೆ ಹೊರಬಂದಂತೆಲ್ಲ ಗಟ್ಟಿಯಾಗಿ ಓದತೊಡಗಿದಳು.

“‘ಈ ಪದದಲ್ಲಿ ಕರುಣ ಸಾರು ಉಕ್ಕಿ ಹರಿಯುತ್ತದೆ.’ ಒಲಿ ಸಣ್ಣ ಮಾಡಬೇಕಿತ್ತಲ್ಲೋ ಬಾಷಾ! ಇದೇನಿದು, ‘ಅಸಾರುನ ಸಸಾರು’?”

ಬಾಷಾ ಇಣುಕಿದ. “ಅರಸನ ಸರಸ ಇತ್ತಕ್ಕಾ. ಮಾತಿನ ಹೊಟ್ಟ್ಯಾಗಿನ ರಸಾನೂ ಸಾರಾಗೇತಿ.”

“ತಿದ್ದಲೇನು?”

“ಬ್ಯಾಡಬೇ! ಎರಡೂವರಿ ಆತು! ಇದನ್ನ ಯಾವ ಮಷೀನೂ ಕಂಡಿರಂಗಿಲ್ಲ, ಅಷ್ಟ ಸಾಕು!”

ಅದು ಮಾತ್ರ ಖರೇ. ಅಂಥ ಕನ್ನಡವನ್ನು ಭೂಮಿಯ ಮೇಲೆ ಯಾರೂ ಬರೆದಿರಲಿಲ್ಲ. ಬಾಷಾ ನಲವತ್ತು ಹಾಳೆ ಎದೆಗೆ ಅವುಚಿಕೊಂಡು ಬಸ್ಸಿಗೆ ಓಡಿದ. ಬಸ್ಸು ತಪ್ಪಿತು. ಟಂಟಂ ರಿಕ್ಷಾ ಹತ್ತಿ ಉಳ್ಳಾಗಡ್ಡಿ ಚೀಲದ ಮೇಲೆ ಕುಳಿತು ಬಂದ. ಐದು ನಿಮಿಷ ಉಳಿದಿದೆ ಎನ್ನುವಾಗ ಉಳ್ಳಾಗಡ್ಡಿಯ ಘಾಟಿಗೆ ಕಣ್ಣಲ್ಲಿ ನೀರು ಸುರಿಸುತ್ತ ಅಜ್ಜಪ್ಪ ಸರ್ ಖೋಲಿಗೆ ನುಗ್ಗಿದ.

ಅಲ್ಲಿ ಅವನ ವರ್ಗದ ರೂಪಾ ಕುರ್ಚಿಯ ಮೇಲೆ ಕುಳಿತಿದ್ದಳು. ಸರ್ ಅವಳಿಗೆ ಚಹಾ ಬೇರೆ ತರಿಸಿದ್ದರು. ಅವರು ಬಾಷಾನ ಪೆನ್‌ಡ್ರೈವ್ ಚುಚ್ಚಿದರು, ನೋಡಿದರು, ಕನ್ನಡಕ ತೆಗೆದರು.

“ಶಾಬ್ಬಾಸ್. ಮುಂಜಾನೆ ಎಂಬತ್ತೊಂದಿತ್ತು. ಈಗ ನೂರಕ್ಕ ನೂರು ಕದ್ದೀ.”

“ಸಾಧ್ಯನಽ ಇಲ್ಲ ಸರ್!”

ಸರ್ ಮೇಜಿನ ಮೇಲಿನ ಕಟ್ಟನ್ನು ತೋರಿಸಿದರು. ಹದಿನೇಳು ಪ್ರಬಂಧ. ಹದಿನೇಳರಲ್ಲೂ ಕರುಣ ಸಾರು ಉಕ್ಕಿ ಹರಿದಿತ್ತು. ಗಜೇಂದ್ರಗಡದಲ್ಲಿ ಕರೆಂಟು ಅರ್ಧ ತಾಸಿಗೇ ಬಂದಿತ್ತಂತೆ. ಸಿಕ್ಕಿಬಿದ್ದವನು ಬಾಷಾ ಒಬ್ಬನೇ ಅಲ್ಲವಲ್ಲ, ಉಡಚಪ್ಪ ಬಂದವರಿಗೆಲ್ಲ ಹೆಸರು ಬದಲಿಸಿ ಅದನ್ನೇ ಕೊಟ್ಟಿದ್ದ.

“ಎಲ್ಲಾರಕಿಂತ ಮೊದಲ ತಂದಾಕಿ ರೂಪಾ. ಆಗ ಮಷೀನು ಸೊನ್ನಿ ತೋರಿಸ್ತು,” ಎಂದರು ಸರ್. “ಉಳಿದವರೆಲ್ಲ ಆಕೀದು ಕದ್ದಾರ.”

“ಸರ್, ಖುದಾನ ಆಣಿ, ಅದು ನಂದ್ರೀ! ಎಲ್ಲಾರೂ ನಂದು ಕದ್ದಾರ!”

“ನಿಂದ? ಹಂಗಾದ್ರ ಹೇಳು, ಹನ್ನೆರಡನೇ ಪುಟದಾಗ ‘ಮನಿಯವಾಂತರ’ ಅಂತ ಬರದಿ. ಹಂಗಂದ್ರೇನು?”

ಬಾಷಾ ಕೈಯಲ್ಲಿನ ಹಾಳೆ ತಿರುವತೊಡಗಿದ. ಅವನು ಹನ್ನೆರಡನೆಯ ಪುಟ ಎಂದೂ ಓದಿರಲಿಲ್ಲ.

“ರೂಪಾ, ಇನ್ನೊಮ್ಮೆ ಹೇಳವಾ.”

“ಮನಿ ಅಧಿಕ ಅವಾಂತರ, ಯಕಾರಾಗಮ ಸಂಧಿ ಸರ್,” ಎಂದಳು ರೂಪಾ, ಕಣ್ಣು ಮಿಟುಕಿಸದೆ. “ಅತ್ತಿಮನಿಯೊಳಗ ಹೆಣ್ಣಮಕ್ಕಳು ಪಡೋ ಕಷ್ಟಕ್ಕ ನಾನಽ ಹೊಸದಾಗಿ ಕಟ್ಟಿದ ಪದ.”

“ಕೇಳಿದಿ? ಬರದವರಿಗೆ ಗೊತ್ತಿರತೈತಿ!” ಸರ್ ಮುಖ ಅರಳಿತು.

ಆಗ ಬಾಷಾನಿಗೆ ಗಾಳೆವ್ವ ನೆನಪಾದಳು. ಗಂಡ ಹೋಗಿ ಮನಿಯವ ಬಂದು ಕುಳಿತ ಜಾಗ ಹೊಳೆಯಿತು. ಮೇಜು ಗುದ್ದಿ ಚೀರಿದ. “ಸುಳ್ಳರೀ ಸರ್! ಅವಾಂತರ ಅಲ್ಲರೀ ಅದು, ಗಂಡಾಂತರ! ಗಂಡಾಂತರ!”

ಅಜ್ಜಪ್ಪ ಸರ್ ಪಟ್ಟಿಯಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೆರೆ ಎಳೆದರು.

“ಅದು ನಿನಗ ಬಂದದ್ದಪಾ. ನಾ ಕೇಳಿದ್ದು ಪದದ ಅರ್ಥ.”