ಎಡಸೀಟಿನ ತೂಕ

ಹೆದರುವವನ ಮನೆಗೆ ಇಂಥ ಪ್ರಸಂಗಗಳು ವಿಳಾಸ ಕೇಳದೆ ಬರುತ್ತವೆ. ನಾನು ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ಮಾತು ಕಡಿಮೆ, ಓದು ಹೆಚ್ಚು, ನಡಿಗೆ ರಸ್ತೆಯ ಅಂಚಿನಲ್ಲಿ. ಸ್ಕೂಟರನ್ನು ಕೂಡ ಜೋರಾಗಿ ಓಡಿಸಿದವನಲ್ಲ. ಇಂಥವನ ಹೆಂಡತಿಗೆ ಕಾಗವಾಡದಲ್ಲಿ ಒಬ್ಬ ತಮ್ಮ, ದ್ರಾಕ್ಷಿ ತೋಟದವನು. ಅಕ್ಕನ ಗಂಡನಿಗೆ ನಮ್ಮ ಕಡೆ ದಾಜಿ ಎನ್ನುತ್ತಾರೆ. ಅವನು 'ದಾಜಿ' ಎಂದು ಮೆಲ್ಲಗೆ ಕರೆದರೆ ಈಗಲೂ ನಾನು ಹಿತ್ತಲ ಬಾಗಿಲು ಹುಡುಕುತ್ತೇನೆ. ಕಾರಣ ಅವನ ಕಾರು.

ಪುಣೆಯಿಂದ ತಂದ ಹಳೆಯ ಸ್ಪೋರ್ಟ್ಸ್ ಕಾರು ಅದು. ಎರಡೇ ಸೀಟು, ಮೇಲೆ ಛಾವಣಿ ಇಲ್ಲ, ಕೂತರೆ ನಮಗೂ ನೆಲಕ್ಕೂ ಒಂದು ಗೇಣು ಅಂತರ. ಪಕ್ಕದಲ್ಲಿ ಕಬ್ಬಿನ ಟ್ರ್ಯಾಕ್ಟರ್ ಬಂದರೆ ಅದರ ಗಾಲಿಯ ನಟ್ಟುಗಳು ಕಿವಿಯ ಮಟ್ಟದಲ್ಲಿ ತಿರುಗುತ್ತವೆ. ಒಣದ್ರಾಕ್ಷಿ ಇಡುವ ಶೆಡ್ಡನ್ನು ಖಾಲಿ ಮಾಡಿಸಿ ಮೈದುನ ಅದನ್ನು ಅಲ್ಲಿ ನಿಲ್ಲಿಸಿದ. ತಂದ ವರ್ಷವೇ ಎಂಜಿನ್ ಬಿಚ್ಚಬೇಕಾಯಿತು. ಬಿಡಿಭಾಗ ಸಿಗದೆ ತಿಂಗಳುಗಟ್ಟಲೆ ಅದು ಶೆಡ್ಡಿನ ತುಂಬ ಹರವಿಕೊಂಡಿತ್ತು. ಆಗ ಅವನ ಹೆಂಡತಿ ಎಲ್ಲರೆದುರು ಹೇಳಿದಳು:

"ಈ ಸಲ ಸುಮ್ನ ಇದ್ದೀನಿ. ಇನ್ನೊಮ್ಮೆ ಎಂಜಿನ್ ಕೆಟ್ಟತಂದ್ರ ಗಾಡಿ ಗುಜರಿಗೆ, ಶೆಡ್ಡು ನನಗ."

ಮೈದುನ ಒಪ್ಪಿಕೊಂಡ. ಅಂದಿನಿಂದ ಆ ಮನೆಯ ಶಾಂತಿ ಎಂಜಿನ್ ಆಯಿಲಿನ ಮೇಲೆ ನಿಂತಿತು. ನಾನು ಯಾರ ಪಕ್ಷವೆಂದು ಯಾರೂ ಕೇಳಲಿಲ್ಲ. ಮನಸ್ಸಿನಲ್ಲಿ ನಾನು ಶೆಡ್ಡಿನ ಪಕ್ಷ.

ಕಾಟಾ

ನಿಪ್ಪಾಣಿಯ ಹೆದ್ದಾರಿಯ ಮೇಲೆ ಗಾಡಿ ರಿಪೇರಿಯ ಒಬ್ಬ ಮಿಸ್ತ್ರಿ. ಹುಟ್ಟಿದಾಗಿನಿಂದ ಕಬ್ಬಿನ ಟ್ರ್ಯಾಕ್ಟರುಗಳ ಕೆಳಗೇ ಮಲಗಿದವನು. ಈ ಕಾರು ಅವನ ಕೈಗೆ ಬಂದ ಮೇಲೆ ಅವನ ಮಾತಿನ ಧಾಟಿಯೇ ಬದಲಾಯಿತು.

"ಇದು ಹಗುರ ಜೀವ ಐತ್ರಿ. ಎಡಕ್ಕ ಬಲಕ್ಕ ತೂಕ ಸಮ ಇಲ್ಲಂದ್ರ ನಾಕೂ ಟೈರ್ ನೆಲಾ ಹಿಡಿಯಂಗಿಲ್ಲ. ತಿರುವಿನ್ಯಾಗ ಒಂದು ಗಾಲಿ ಮ್ಯಾಲ ಎದ್ದತಂದ್ರ..." ಎಂದು ನನ್ನ ಮುಖ ನೋಡಿ ವಾಕ್ಯವನ್ನು ಅಲ್ಲಿಗೇ ಬಿಟ್ಟ. ಮುಗಿಸಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ.

ಕಬ್ಬಿನ ಹಂಗಾಮು ಮುಗಿದಿತ್ತು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿಗಳನ್ನು ತೂಗುವ ಕಾಟಾ ಖಾಲಿ ಬಿದ್ದಿತ್ತು. ಕಾರನ್ನು ಅದರ ಮೇಲೆ ಹತ್ತಿಸಿದರು. ಕಾಟಾದವನು ಒಳಗಿನಿಂದಲೇ ಕೂಗಿದ, "ಹತ್ತಸ್ರಿ ಗಾಡಿ!"

"ಹತ್ತೇತ್ರಿ."

ಅವನು ಹೊರಗೆ ಬಂದು ಕಾರು ನೋಡಿದ, ಒಳಗೆ ಹೋಗಿ ಅಂಕಿ ನೋಡಿದ, ಮತ್ತೆ ಹೊರಗೆ ಬಂದ. "ಇದೇನ್ರಿ, ನಮ್ಮ ಖಾಲಿ ಟ್ರ್ಯಾಲಿ ಇದಕ್ಕಿಂತ ಜಡ ಐತಿ. ಇದರಾಗ ಕುಂತು ರಸ್ತೆಕ್ಕ ಹೋಗತೀರಿ?"

ಆಮೇಲೆ ಒಂದೊಂದೇ ಮಗ್ಗುಲಿನ ಗಾಲಿ ಹತ್ತಿಸಿ ತೂಗಿದರು. ಮೈದುನ ಕೂತ ಬಲಗಡೆ ಭಾರ, ಎಡಗಡೆ ಹಗುರ. ಎಡಸೀಟಿನ ಮೇಲೆ ಗೊಬ್ಬರದ ಚೀಲ ಇಟ್ಟರು, ಸಾಲಲಿಲ್ಲ. ಚೀಲದ ಮೇಲೆ ಟ್ರ್ಯಾಕ್ಟರಿನ ಬ್ಯಾಟರಿ ಇಟ್ಟರು, ಹೆಚ್ಚಾಯಿತು. ಆಮೇಲೆ ಮೂವರೂ ನಿಧಾನವಾಗಿ ನನ್ನ ಕಡೆ ತಿರುಗಿದರು.

"ಸರ್, ನೀವೊಂದೀಟ ಕುಂಡ್ರಿ," ಎಂದ ಮಿಸ್ತ್ರಿ.

ಕೂತೆ. ಕಾಟಾದವನು ಒಳಗಿನಿಂದ ಕೂಗಿದ: "ಬರೋಬ್ಬರಿ!"

ಮಿಸ್ತ್ರಿ ನನ್ನನ್ನು ಕೂರಿಸಿಯೇ ಸ್ಪ್ರಿಂಗುಗಳನ್ನು ಏರಿಸಿ ಇಳಿಸಿ ಬಿಗಿದ. ಕೈ ಒರೆಸಿಕೊಳ್ಳುತ್ತ ಡಾಕ್ಟರರಂತೆ ಹೇಳಿದ, "ಇನ್ನ ನಿಮ್ಮನ್ನ ಬಿಟ್ಟು ಈ ಗಾಡಿ ಓಡಸಾಕ ಬರಂಗಿಲ್ರಿ. ತೂಕ ಹಿಂಗ ಇಟ್ಕೋರಿ. ಶ್ರಾವಣ ಬಂತಂತ ಉಪಾಸ ಗಿಪಾಸ ಹಿಡದೀರಿ ಮತ್ತ!"

ಗಾಳಿ

ಕೃಷ್ಣೆಯ ಸೇತುವೆಗೆ ಮೊದಲು, ಅಂಕಲಿಯಲ್ಲಿ, ಟೈರಿಗೆ ಗಾಳಿ ಹಾಕುವ ಒಂದು ಅಂಗಡಿ. ಮೈದುನ ಅಲ್ಲಿ ನಿಲ್ಲಿಸಿದ.

"ಹದಿನೆಂಟಕ್ಕ ಇಳಸು."

ಅಂಗಡಿಯವನು ಕಿವಿಯ ಮೇಲೆ ಕೈ ಇಟ್ಟುಕೊಂಡ. "ಹದಿನೆಂಟು? ನಾ ಸೈಕಲ್ಲಿಗೆ ಇದರಕಿಂತ ಜಾಸ್ತಿ ಹಾಕತೇನ್ರಿ."

ಮೈದುನ ಸಮಾಧಾನದಿಂದ ತಿಳಿಸಿ ಹೇಳಿದ: ಗಾಡಿ ಹಗುರ, ಗಾಳಿ ಕಮ್ಮಿ ಇದ್ದರೇ ಟೈರು ನೆಲದ ಮೇಲೆ ಅಗಲವಾಗಿ ಕೂರುತ್ತದೆ, ಓಡಿದ ಹಾಗೆ ಟೈರು ಬಿಸಿಯಾಗಿ ಒಳಗಿನ ಗಾಳಿ ತಾನೇ ಏರುತ್ತದೆ. ಅಂಗಡಿಯವನು ತಲೆಯಾಡಿಸಿದ. ನಾವು ಎದುರಿನ ಹೋಟೆಲಿನಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು.

ಸೇತುವೆಯ ಮೇಲೆ ಕಾಂಕ್ರೀಟಿನ ಜೋಡಣೆಗಳಿರುತ್ತವಲ್ಲ, ಮೊದಲನೆಯದು ಬಂದಾಗ ಕಾರು ಕಪ್ಪೆಯಂತೆ ಎದ್ದಿತು. ಆ ಸೀಟಿನಲ್ಲಿ ಕೂತವನಿಗೆ ಸೇತುವೆಯ ಕಟ್ಟೆ ಬಿಟ್ಟು ಬೇರೇನೂ ಕಾಣಬಾರದು. ನನಗೆ ಹೊಳೆ ಕಂಡಿತು. ಮುಂದಿನ ಜೋಡಣೆಗೆ ಹೊಳೆಯೊಳಗಿನ ಎಮ್ಮೆಗಳು ಕಂಡವು. ಅದರ ಮುಂದಿನದಕ್ಕೆ ಒಂದು ಎಮ್ಮೆ ತಲೆಯೆತ್ತಿ ನನ್ನನ್ನು ನೋಡಿತು. ನಾನು ಬಾಗಿಲು ಹಿಡಿದುಕೊಂಡೆ. ಬಾಗಿಲು ನನ್ನನ್ನು ಹಿಡಿದುಕೊಂಡ ಹಾಗಿತ್ತು, ಅದೂ ನಡುಗುತ್ತಿತ್ತು.

"ಏನಾತೋ?" ಎಂದೆ, ಸೇತುವೆ ದಾಟಿದ ಮೇಲೆ.

"ಟೈರ್ ಕಲ್ಲ ಆಗ್ಯಾವು ದಾಜಿ. ನಾ ಹೇಳಿದ್ದು ಬ್ಯಾರೆ, ಅಂವ ಮಾಡಿದ್ದು ಬ್ಯಾರೆ."

ತಿರುಗಿ ಅಂಗಡಿಗೆ ಬಂದೆವು. ಅಂದರೆ ಅದೇ ಸೇತುವೆಯ ಮೇಲೆ ಹಾರುತ್ತ ಬಂದೆವು. ಅಂಗಡಿಯವನು ನಗುತ್ತ ಎದುರು ಬಂದ.

"ಈ ಸಾಹೇಬ್ರ ಮಾರಿ ನೋಡಿ ಕರುಳ ಚುರ್ ಅಂತ್ರಿ. ಅಷ್ಟ ಗಾಳ್ಯಾಗ ಪಾಪ ಮನಿ ಮುಟ್ಟತಾರೋ ಇಲ್ಲೋ ಅಂತ, ನೀವು ಚಾಕ್ಕ ಹೋದಾಗ ನಾಕೂ ಟೈರ್ ಭರ್ತಿ ಹೊಡದೆ. ರೊಕ್ಕ ಗಿಕ್ಕ ಬ್ಯಾಡ್ರಿ!"

ಒಣದ್ರಾಕ್ಷಿ

ಶ್ರಾವಣ ಬಂತು. ನನಗೆ ಮಿಸ್ತ್ರಿಯ ಮಾತು ನೆನಪಿತ್ತು, ಅವನು ಹೇಳಿದ ಅರ್ಥದಲ್ಲಲ್ಲ. ಸೋಮವಾರ ಉಪವಾಸ ಹಿಡಿದೆ. ಶನಿವಾರವನ್ನೂ ಸೇರಿಸಿದೆ. ಹೆಂಡತಿಗೆ ಸಂಶಯ ಬಂತು.

"ದೇವರ ಮ್ಯಾಲ ಇಷ್ಟ ಭಕ್ತಿ ಯಾವಾಗಿಂದ ಬಂತ್ರಿ?"

"ಕೃಷ್ಣಾ ಹೊಳಿ ಮ್ಯಾಲಿಂದ," ಎಂದೆ.

ತಿಂಗಳ ಕೊನೆಗೆ ಪ್ಯಾಂಟು ಸಡಿಲಾಯಿತು. ಮೈದುನ ಬಂದಾಗ ಮುಖ ಚಿಕ್ಕದು ಮಾಡಿಕೊಂಡು ಹೇಳಿದೆ, "ತೂಕ ಇಳದೈತಪಾ. ಗಾಡಿಗೆ ತ್ರಾಸ ಆಗಬಾರದು. ಬ್ಯಾರೆ ಯಾರನ್ನರ ನೋಡು."

ಅವನು ನನ್ನನ್ನು ಮಿಸ್ತ್ರಿಯ ಬಳಿಗೆ ಒಯ್ದ. ಮಿಸ್ತ್ರಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಕಾರಿನ ಹಿಂದಿದ್ದ ಒಣದ್ರಾಕ್ಷಿಯ ಚೀಲವನ್ನು ಎತ್ತಿ ನನ್ನ ತೊಡೆಯ ಮೇಲೆ ಇಟ್ಟ. "ಈಗ ಸಮ ಆತ ನೋಡ್ರಿ. ಹೊಂಡ್ರಿ."

ನಿಪ್ಪಾಣಿಯಿಂದ ಕಾಗವಾಡದವರೆಗೆ ಆ ಚೀಲವನ್ನು ಕೂಸಿನಂತೆ ಅಪ್ಪಿಕೊಂಡು ಕೂತೆ. ಲಾರಿ ಎದುರು ಬಂದಾಗೊಮ್ಮೆ ಕೈ ತಾನಾಗಿ ಚೀಲದೊಳಗೆ ಹೋಗುತ್ತಿತ್ತು. ಹೆದರಿಕೆಗೆ ಬಾಯಿ ಒಣಗುತ್ತದೆ ಎಂದು ಓದಿದ್ದೆ. ಅದು ಒಣದ್ರಾಕ್ಷಿ ಬೇಡುತ್ತದೆ ಎಂದು ಎಲ್ಲೂ ಬರೆದಿರಲಿಲ್ಲ. ದಾರಿಯಲ್ಲಿ ಲಾರಿಗಳು ಬಹಳ ಇದ್ದವು.

ಮನೆಯಲ್ಲಿ ಮೈದುನನ ಹೆಂಡತಿ ಚೀಲ ಎತ್ತಿ ನೋಡಿದಳು. "ಇದೇನ್ರಿ ಅಣ್ಣಾರ, ಅರ್ಧಾಕ್ಕರ್ಧ ಖಾಲಿ ಐತಿ!"

ನಾನು ಉತ್ತರಿಸುವ ಮೊದಲೇ ಮೈದುನ ಹೇಳಿದ, "ಚಿಂತಿ ಮಾಡಬ್ಯಾಡ. ತೂಕ ಎಲ್ಲೂ ಹೋಗಿಲ್ಲ, ಗಾಡ್ಯಾಗ ಐತಿ. ಚೀಲ ಅಷ್ಟ ಬದಲಾಗೇತಿ."

ಎಣ್ಣೆ

ಆ ಮನೆಯಲ್ಲಿ ಎತ್ತಿನ ಬಂಡಿಯ ಕಾಲದ ಒಂದು ಪದ್ಧತಿ ಉಳಿದಿದೆ. ದಸರೆಯ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಮನೆಯ ಹಿರಿಯರು ಬಂಡಿಯ ಗಾಲಿಗೆ ಎಣ್ಣೆ ಬಿಡಬೇಕು. ಬಂಡಿ ಹೋಗಿ ಎಷ್ಟೋ ವರ್ಷವಾಯಿತು, ಎಣ್ಣೆ ಬಿಡುವ ಕೈ ಮಾತ್ರ ಉಳಿಯಿತು. ಈಗ ಟ್ರ್ಯಾಕ್ಟರಿನ ಎಂಜಿನ್ನಿಗೆ ಬಿಡುತ್ತಾರೆ. ಟ್ರ್ಯಾಕ್ಟರು ದೊಡ್ಡ ಹೊಟ್ಟೆಯದು, ಏನು ಬಿಟ್ಟರೂ ಅರಗಿಸಿಕೊಳ್ಳುತ್ತದೆ.

ಆ ವರ್ಷ ಕಾರಿಗೂ ಪೂಜೆ. ಬೆಳಗಾಗೆದ್ದು ನಮ್ಮ ಅತ್ತೆ ಕುಂಕುಮ ಹಚ್ಚಿ, ಡಬ್ಬಿಯಿಂದ ಒಂದು ತಂಬಿಗೆ ಆಯಿಲ್ ಬಿಟ್ಟರು. ಸ್ನಾನ ಮುಗಿಸಿ ಬಂದ ಮೈದುನ, ಅವ್ವ ಬಿಟ್ಟದ್ದು ತಿಳಿಯದೆ, ತನ್ನ ಪಾಲು ಬಿಟ್ಟ. ಮಧ್ಯಾಹ್ನ ಹೋಳಿಗೆ ಊಟಕ್ಕೆ ಬಂದ ಮಿಸ್ತ್ರಿಗೆ ತಾನೂ ಈ ಮನೆಯವನೇ ಎನ್ನಿಸಿ ಅವನೂ ಬಿಟ್ಟ. ಆಯಿಲ್ ಎಷ್ಟಿದೆಯೆಂದು ನೋಡಲು ಎಂಜಿನ್ನಿನಲ್ಲಿ ಒಂದು ಕಡ್ಡಿ ಇರುತ್ತದೆ. ಹಬ್ಬದ ದಿನ ಅದನ್ನು ಎಳೆದು ನೋಡುವುದು ಯಾರಿಗೂ ಹೊಳೆಯಲಿಲ್ಲ.

ಮರುದಿನ ಬನ್ನಿ ಕೊಡಲು ರಾಯಬಾಗದ ನೆಂಟರ ಮನೆಗೆ ಹೊರಟೆವು. ದಾರಿಯಲ್ಲಿ ಎಂಜಿನ್ ಮಜ್ಜಿಗೆ ಕಡೆಯುವ ಸದ್ದು ಮಾಡಿತು. ತಿರುಗಿ ನೋಡಿದರೆ ಹಿಂದೆ ರಸ್ತೆಯೇ ಇಲ್ಲ. ಬರೀ ಬಿಳಿ ಹೊಗೆ. ಹೊಗೆಯೊಳಗಿಂದ ಯಾರೋ ಹಾರ್ನ್ ಹೊಡೆಯುತ್ತಿದ್ದರು. ಎಂಜಿನ್ ಸ್ಫೋಟವಾಗುತ್ತದೆ ಎಂದು ನನಗೆ ಖಾತ್ರಿಯಾಯಿತು. ಶೆಡ್ಡಿನ ಪಕ್ಷ ಗೆಲ್ಲುತ್ತದೆ, ಆದರೆ ಅದನ್ನು ನೋಡಲು ನಾನಿರುವುದಿಲ್ಲ.

ಒಂದು ಊರಿನ ನಡುವೆ ಕಾರು ತಾನೇ ನಿಂತಿತು. ಓಣಿಯ ಹೆಂಗಸರು ಮಕ್ಕಳನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದರು. ಮೂಗಿಗೆ ಟವೆಲ್ ಹಿಡಿದ ಒಬ್ಬ ಹಿರಿಯ ಮಾತ್ರ ಧೈರ್ಯದಿಂದ ಹತ್ತಿರ ಬಂದ. ಬಂದು ಕೈ ಮುಗಿದ.

"ಛಲೋ ಆತ್ರಿ ಬಂದ್ರಿ. ಆ ಕಡೆ ಹರಿಜನ ಕೇರಿ, ಈ ಕಡೆ ಗೌಡರ ಓಣಿ, ಎರಡೂ ಕಡೆ ಒಂದ್ ರೌಂಡ್ ಹೊಡದ ಹೋಗ್ರಿ. ಡೆಂಗಿ ಸೊಳ್ಳಿ ಭಾಳ ಆಗ್ಯಾವು."

ಸಂಜೆ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಮನೆಗೆ ಎಳೆದು ತಂದ ಮೇಲೆ ಮಿಸ್ತ್ರಿ ಹೆಚ್ಚಿನ ಆಯಿಲ್ ಇಳಿಸಿ ನೋಡಿದ. ಮೈದುನನ ಹೆಂಡತಿ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು. "ಕೆಟ್ಟೈತೇನು?" ಎಂದಳು, ಸ್ವಲ್ಪ ಆಸೆಯಿಂದಲೇ.

"ಏನೂ ಕೆಟ್ಟಿಲ್ಲ ಅಕ್ಕಾರ. ಹಬ್ಬದ ಊಟ, ಹೊಟ್ಟಿ ಉಬ್ಬಿತ್ತು ಅಷ್ಟ."

ಮುಳ್ಳು

ಕೊನೆಯದು ಹೊಸ ಟೈರುಗಳ ಪ್ರಸಂಗ. ಕೊಗನೊಳ್ಳಿ ದಾಟಿ ಗಡಿಯಾಚೆ ಹೋದರೆ, ಕಾರಿನ ಹುಚ್ಚಿದ್ದವರು ಬಾಡಿಗೆ ಕೊಟ್ಟು ಸುತ್ತು ಹೊಡೆಯುವ ಒಂದು ಮೈದಾನವಿದೆ. ಅಲ್ಲಿಗಾಗಿ ಮೈದುನ ಅಂಟಿನಂಥ ಮೆತ್ತನೆಯ ಟೈರು ತರಿಸಿದ. ಮಿಸ್ತ್ರಿ ಅವನ್ನು ಹಾಕಿದ, ಆದರೆ ಅವನ ಮುಖ ಸರಿ ಇರಲಿಲ್ಲ. ಒಂದು ತಾಟಿನಲ್ಲಿ ಮಜ್ಜಿಗೆ ತರಿಸಿ, ಅದನ್ನು ಹಿಡಿದು ಗರ್ರನೆ ತಿರುಗಿದ. ಮಜ್ಜಿಗೆ ಒಂದೇ ಮಗ್ಗುಲಿಗೆ ಏರಿ ನನ್ನ ಅಂಗಿಯ ಮೇಲೆ ಬಿತ್ತು.

"ಕಂಡ್ರಿಲ್ಲ? ಹಳಿ ಟೈರ್ ಜಾರತಿದ್ವು, ಹಿಂಗಾಗಿ ಒಳಗ ಎಣ್ಣಿ ಸುಮ್ನ ಇರತಿತ್ತು. ಇವು ಜಾರಂಗಿಲ್ಲ. ಉದ್ದನ್ನ ತಿರುವಿನ್ಯಾಗ ಎಣ್ಣಿ ಎಲ್ಲಾ ಒಂದ ಕಡೆ ಗ್ವಾಡಿ ಏರತೈತಿ. ಪಂಪಿನ ಬಾಯಿಗೆ ಬರೇ ಗಾಳಿ. ಒಣಾ ಎಂಜಿನ್ ರೀ, ಕಣ್ಣ ಪಿಳಕಸೂದ್ರಾಗ ಖಲಾಸ್."

ಆಯಿಲಿನ ಒತ್ತಡ ತೋರಿಸುವ ಒಂದು ಮುಳ್ಳು ಕಾರಿನಲ್ಲಿದೆ. ತಿರುವಿನಲ್ಲಿ ಅದು ಬಿದ್ದರೆ ಕೂಡಲೇ ಎಕ್ಸಲರೇಟರಿನ ಮೇಲಿಂದ ಕಾಲು ತೆಗೆಯಬೇಕು. ಓಡಿಸುವವನ ಕಣ್ಣು ದಾರಿಯ ಮೇಲೆ. ಹಾಗಾದರೆ ಮುಳ್ಳು ನೋಡುವವರು ಯಾರು?

ಮತ್ತೆ ಎಲ್ಲರೂ ನನ್ನ ಕಡೆ ತಿರುಗಿದರು.

"ಮುಳ್ಳ ಬಿತ್ತಂದ್ರ ಒದರ್ರಿ ಸರ್. ಅಷ್ಟ ನಿಮ್ಮ ಕೆಲಸ."

ಮೈದಾನದವರೆಗೆ ನಾನು ಒಂದೇ ವಿಚಾರ ಮಾಡಿದೆ. ಒದರದಿದ್ದರೆ? ಒಂದು ತಿರುವು, ಒಂದು ಕ್ಷಣದ ಮೌನ. ಕಾರು ಗುಜರಿಗೆ, ಶೆಡ್ಡು ಅವಳಿಗೆ, ನಾನು ನನ್ನ ಪುಸ್ತಕಗಳಿಗೆ. ಸುಮ್ಮನಿರುವುದು ನನಗೆ ಹೊಸದೇನಲ್ಲ. ಜೀವನವಿಡೀ ಅದನ್ನೇ ಅಭ್ಯಾಸ ಮಾಡಿದ್ದೇನೆ. ನನ್ನ ಹೆಂಡತಿ ಮತ್ತು ಮೈದುನನ ಹೆಂಡತಿ ಬುತ್ತಿ ಕಟ್ಟಿಕೊಂಡು ಮಿಸ್ತ್ರಿಯ ಜೊತೆ ಬೇರೆ ಗಾಡಿಯಲ್ಲಿ ಬಂದು ಬೇಲಿಯ ಹತ್ತಿರ ನಿಂತಿದ್ದರು. ಮೈದುನನ ಹೆಂಡತಿ ನನ್ನ ಕಡೆ ನೋಡಿ ಒಮ್ಮೆ ತಲೆಯಾಡಿಸಿದಳು. ಅವಳ ಲೆಕ್ಕವೂ ಅದೇ ಎಂದು ತಿಳಿಯಿತು.

ಉದ್ದನೆಯ ಬಲ ತಿರುವು ಬಂತು. ಟೈರು ಜಾರಲಿಲ್ಲ. ಮಿಸ್ತ್ರಿ ಹೇಳಿದ ಎಣ್ಣೆಯಂತೆ ನಾನೂ ಎಡಕ್ಕೆ ಏರಿ ಬಾಗಿಲಿಗೆ ಅಂಟಿಕೊಂಡೆ. ಕಣ್ಣು ಮುಳ್ಳಿನ ಮೇಲಿರಬೇಕಾಗಿತ್ತು. ಆದರೆ ತಿರುವಿನ ಕೊನೆಗೆ ಹಳೆಯ ಟೈರುಗಳನ್ನು ಪೇರಿಸಿದ ಕರಿಯ ಗೋಡೆ ಇತ್ತು, ಅದು ನನ್ನನ್ನೇ ಗುರುತು ಹಿಡಿದು ಬರುತ್ತಿತ್ತು.

"ಅಯ್ಯಯ್ಯವ್ವಾ!"

ಆ ದನಿ ನನ್ನದೆಂದು ನನಗೆ ಆಮೇಲೆ ತಿಳಿಯಿತು. ಮೈದುನ ಕಾಲು ತೆಗೆದ, ಮುಳ್ಳಿನ ಕಡೆ ಕಣ್ಣು ಹಾಯಿಸಿದ. "ಖರೇನ ದಾಜಿ! ತಳಕ್ಕ ಹೊಂಟಿತ್ತು, ಮ್ಯಾಲ ಬಂತು!"

ಮುಂದಿನ ಸುತ್ತಿನಲ್ಲಿ ಹಲ್ಲು ಕಚ್ಚಿ ಕೂತೆ. ಗೋಡೆ ಕಂಡಿತು, ಬಾಯಿ ತಾನೇ ತೆರೆಯಿತು. ಅದರ ಮುಂದಿನ ಸುತ್ತಿನಲ್ಲಿ ಬಾಯಿಗೆ ಕರವಸ್ತ್ರ ತುರುಕಿಕೊಂಡೆ. ಅದರ ಮೂಲಕವೂ ಕೇಳಿಸಿತಂತೆ. ಪ್ರತಿ ಸಲವೂ ಮುಳ್ಳು ಬೀಳುವುದಕ್ಕೂ ನಾನು ಒದರುವುದಕ್ಕೂ ಸರಿಹೋಯಿತು. ಗಾಡಿ ಎಷ್ಟು ಬಿರುಸಾಗಿ ಹೋದರೆ ಎಣ್ಣೆ ಗೋಡೆ ಏರುತ್ತದೋ, ನನ್ನ ಜೀವ ಬಾಯಿಗೆ ಬರುವುದೂ ಅಷ್ಟೇ ಬಿರುಸಿಗೆ.

ಕಾರು ನಿಂತ ಮೇಲೆ ಮಿಸ್ತ್ರಿ ಆಯಿಲನ್ನು ಬಟ್ಟಲಿಗೆ ಇಳಿಸಿ, ಬೆರಳಲ್ಲಿ ತಿಕ್ಕಿ, ಬಿಸಿಲಿಗೆ ಹಿಡಿದು ನೋಡಿದ. "ಲೋಹದ ಚೂರ ಒಂದೂ ಇಲ್ಲ. ಎಂಜಿನ್ ಬಂಗಾರ ಐತಿ. ಸರ್ ಉಳಿಸಿದ್ರು!"

ನನ್ನ ಹೆಂಡತಿ ನೀರು ಕೊಡುತ್ತ ಹೇಳಿದಳು, "ಮದುವಿ ಆದಾಗಿಂದ ನಿಮ್ಮ ದನಿ ಇಷ್ಟ ಛಂದಾಗಿ ಕೇಳಿದ್ದು ಇವತ್ತ ನೋಡ್ರಿ."

ಮೈದುನನ ಹೆಂಡತಿ ಬುತ್ತಿ ಬಿಚ್ಚುತ್ತಿದ್ದವಳು ತಲೆಯೆತ್ತಲಿಲ್ಲ. ಮೆಲ್ಲಗೆ ಇಷ್ಟೇ ಅಂದಳು, "ನೀವರ ಸುಮ್ನ ಕುಂಡರತೀರಿ ಅಂತ ಭಾಳ ನಂಬಿದ್ದೆ ಅಣ್ಣಾರ."

ನಾನು ಮಿಸ್ತ್ರಿಯನ್ನು ಪಕ್ಕಕ್ಕೆ ಕರೆದೆ. "ಎಣ್ಣಿ ಒಂದ ಕಡೆ ಓಡಿ ಹೋಗದಂಗ ಏನರ ಉಪಾಯ ಇಲ್ಲೇನೋ?"

"ಇಲ್ದ ಏನ್ರಿ? ಒಳಗ ನಾಕ ತಗಡಿನ ಅಡ್ಡಗ್ವಾಡಿ ಬಡದ್ರ ಎಣ್ಣಿ ಅಲ್ಲೇ ನಿಲ್ಲತೈತಿ. ಮುಳ್ಳ ನೋಡಾಕ ಮನಶ್ಯಾನ ಬೇಕಾಗಂಗಿಲ್ಲ. ನಾಳೇನ ಮಾಡಿ ಕೊಡ್ಲೇನು?"

ಆ ಮೈದಾನದಲ್ಲಿ ನಾನು ಮೊದಲ ಸಲ ಉಸಿರು ಬಿಟ್ಟೆ. ಅಷ್ಟರಲ್ಲಿ, ಬಾನೆಟ್ ಒರೆಸುತ್ತಿದ್ದ ಮೈದುನ ಅಲ್ಲಿಂದಲೇ ಕೂಗಿದ:

"ತಗಡ ಗಿಗಡ ಏನ್ ಬ್ಯಾಡಪಾ, ಸುಮ್ನ ಗಾಡಿ ತೂಕ ಏರತೈತಿ. ದಾಜಿ ಅದಾರಲ್ಲ!"